ಮಗುವಿಗೆ ಯಾವ ಪುಸ್ತಕ ಕೊಡಲಿ?

2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳ ಸದಸ್ಯತ್ವ ಉಚಿತವಾಯಿತು. ಕಾರ್ಡು ಕೊಡುವುದು ಸುಲಭ. ಕಾರ್ಡು ಹಿಡಿದು ಕಪಾಟಿನ ಮುಂದೆ ಸುಮ್ಮನೆ ನಿಂತ ಮಗುವಿಗೆ ಸರಿಯಾದ ಪುಸ್ತಕ ಹುಡುಕಿಕೊಡುವುದರಲ್ಲಿ ಮೇಲ್ವಿಚಾರಕರ ಕಷ್ಟವೂ ಇದೆ, ಖುಷಿಯೂ ಇದೆ.

ಮೊದಲು ಮಾತಾಡಿಸಿ. ‘ಯಾವ ಪುಸ್ತಕ ಬೇಕು ಪುಟ್ಟಾ?’ ಎಂದರೆ ‘ಗೊತ್ತಿಲ್ಲ ಸಾರ್’ ಎಂಬ ಉತ್ತರವೇ ಗತಿ. ‘ಶಾಲೆ ಬಿಟ್ಟ ಮೇಲೆ ಏನ್ಮಾಡ್ತೀಯ?’ ಎಂದು ಕೇಳಿ ನೋಡಿ. ಕೆರೆಗೆ ಗಾಳ ಹಾಕ್ತೀನಿ ಎನ್ನುವ ಏಳನೇ ಕ್ಲಾಸಿನವನಿಗೆ ತೇಜಸ್ವಿಯವರ ‘ಪರಿಸರದ ಕತೆ’. ಶಾಲೆಯೆಂದರೇ ಬೇಜಾರು ಎನ್ನುವವಳಿಗೆ ‘ತೊತ್ತೋಚಾನ್’. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಬಿದ್ದ ಜಪಾನಿನ ಹುಡುಗಿ ರೈಲು ಬೋಗಿಗಳಲ್ಲಿ ಪಾಠ ನಡೆಯುವ ಶಾಲೆ ಸೇರುವ ನಿಜಕತೆ ಅದು. ಹಿನ್ನೀರಿನ ಊರುಗಳ ಮಕ್ಕಳಿಗೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೊಡಿ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ, ಆದರೆ ಮಕ್ಕಳಿಗೆ ಅದನ್ನು ಹೇಳಬೇಡಿ; ಬಹುಮಾನ ಬಂದಿದ್ದೆಲ್ಲ ಪಾಠದ ಹಾಗಿರುತ್ತದೆ ಎಂಬ ಗುಮಾನಿ ಅವರಿಗೆ.

ಆಮೇಲೆ ಓದಿನ ಮಟ್ಟ. ತರಗತಿಯನ್ನು ನಂಬಬೇಡಿ. ಐದನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಕಂಡ ಕಡೆ ತಡವರಿಸುವ ಮಕ್ಕಳು ಬೇಕಾದಷ್ಟಿದ್ದಾರೆ. ಪುಸ್ತಕದ ನಡುವಿನ ಒಂದು ಪುಟ ಓದಲಿ, ತೊಡಕಾದ ಪದಕ್ಕೊಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಇದನ್ನು ಪಕ್ಕಕ್ಕೆ ಕರೆದು ಮಾಡಿಸಿ, ಗೆಳೆಯರೆದುರು ಖಂಡಿತ ಬೇಡ. ಪ್ರಥಮ್ ಬುಕ್ಸ್‌ನವರು ಪುಸ್ತಕಗಳ ಮೇಲೆ ಒಂದರಿಂದ ನಾಲ್ಕರವರೆಗೆ ಹಂತ ನಮೂದಿಸಿರುತ್ತಾರೆ. ದೊಡ್ಡ ಹುಡುಗನಿಗೆ ಎರಡನೇ ಹಂತದ್ದು ಬೇಕಾದರೆ ‘ತಂಗಿಗೆ ಓದಿ ಹೇಳು’ ಎಂದು ಕೊಡಿ. ಓದೂ ಆಯಿತು, ಮಾನವೂ ಉಳಿಯಿತು.

ಒಂದೇ ಪುಸ್ತಕ ಕೈಗಿಡದೆ ಮೂರನ್ನು ಮೇಜಿನ ಮೇಲೆ ಹರಡಿ. ಒಂದೊಂದಕ್ಕೂ ಎರಡೇ ಮಾತು ಸಾಕು. ‘ಇದನ್ನು ಓದಿದರೆ ಬುದ್ಧಿ ಬರುತ್ತೆ’ ಎಂದಿರೋ, ಅದು ಕಪಾಟಿಗೆ ವಾಪಸಾದಂತೆಯೇ. ಹೇಳಿದ ಮೇಲೆ ನಿಮ್ಮ ಕೆಲಸ ನೋಡಿಕೊಳ್ಳಿ. ಎದುರೇ ನಿಂತರೆ ನಿಮ್ಮ ಮುಖ ನೋಡಿ ಆರಿಸುತ್ತಾರೆ.

ಕಾಮಿಕ್ಸ್ ಬೇಡ, ಸಾಮಾನ್ಯ ಜ್ಞಾನದ್ದು ಕೊಡಿ ಎನ್ನುವ ಅಪ್ಪ-ಅಮ್ಮಂದಿರ ಜೊತೆ ವಾದ ಬೇಡ. ಎರಡನ್ನೂ ಕೊಟ್ಟು ಕಳಿಸಿ.

ಪುಸ್ತಕ ವಾಪಸ್ ತಂದಾಗ ‘ನೀತಿ ಏನು?’ ಎಂದು ಪರೀಕ್ಷೆ ಮಾಡಬೇಡಿ. ‘ಎಲ್ಲಿ ಬೇಜಾರಾಯ್ತು?’ ಎಂದು ಕೇಳಿ, ನಿಜ ಹೊರಬರುತ್ತದೆ. ಅರ್ಧಕ್ಕೆ ಬಿಟ್ಟಿದ್ದರೆ ಬೈಯಬೇಡಿ. ಮುಂದೆ ಏನು ಕೊಡಬೇಕೆಂಬುದಕ್ಕೆ ಅದೇ ಸುಳಿವು. ರಿಜಿಸ್ಟರಿನ ಷರಾ ಕಾಲಂ ಹೇಗೂ ಖಾಲಿ ಇರುತ್ತದಲ್ಲ, ಅಲ್ಲಿ ಎರಡು ಪದ ಬರೆದಿಡಿ: ‘ದೆವ್ವ ಇಷ್ಟ’, ‘ಉದ್ದ ಕತೆ ಬೇಡ’. ‘ಇಂಥದ್ದೇ ಇನ್ನೊಂದು ಇದೆಯಾ ಸಾರ್?’ ಎಂದು ಒಬ್ಬಳು ಓಡಿಬಂದ ಸಂಜೆ ಸಂಬಳದ ದಿನಕ್ಕಿಂತ ಹೆಚ್ಚು ಹಿಗ್ಗಾಗುತ್ತದೆ. ಆಗ ಕೊಡಲು ಆ ಇನ್ನೊಂದು ಕಪಾಟಿನಲ್ಲಿರಬೇಕು. ಅದಕ್ಕೇ ಹೊಸ ಪುಸ್ತಕಗಳ ಬೇಡಿಕೆ ಪಟ್ಟಿ ಬರೆಯುವಾಗ ಆ ಷರಾಗಳನ್ನೇ ಮುಂದಿಟ್ಟುಕೊಳ್ಳಿ.