ವಿದ್ಯುತ್ತು ಶ್ರುತಿ ಹಿಡಿದ ಬಗೆ

ದಾವಣಗೆರೆಯ ಯಾವ ಬೀದಿಯಲ್ಲಾದರೂ ಸರಿ, ರಾತ್ರಿ ವಾಹನಗಳ ಸದ್ದು ಅಡಗಿದ ಮೇಲೆ, ವಿದ್ಯುತ್ ಟ್ರಾನ್ಸ್‌ಫಾರ್ಮರ್ ಒಂದರಿಂದ ತಕ್ಕಷ್ಟು ದೂರದಲ್ಲಿ ನಿಂತು ಕಿವಿಗೊಟ್ಟರೆ ಗುಂಯ್ ಎಂಬ ಎಡೆಬಿಡದ ಧ್ವನಿ ಕೇಳಿಸುತ್ತದೆ. ನಾವು ಅದನ್ನು ಗದ್ದಲವೆಂದು ಬಗೆದು ಮುಂದೆ ಹೋಗುತ್ತೇವೆ. ಭೌತವಿಜ್ಞಾನದ ದೃಷ್ಟಿಯಿಂದ ಅದು ಗದ್ದಲವಲ್ಲ, ಸ್ವರ. ನಮ್ಮ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಟ್ರಾನ್ಸ್‌ಫಾರ್ಮರಿನ ಒಳಗಿರುವ ಕಬ್ಬಿಣದ ತಿರುಳು ಕಾಂತತ್ವವನ್ನು ಪಡೆದಾಗಲೆಲ್ಲ ಅದರ ಉದ್ದಳತೆ ಅತ್ಯಲ್ಪವಾಗಿ ವ್ಯತ್ಯಾಸವಾಗುತ್ತದೆ. ಕಾಂತತ್ವದ ದಿಕ್ಕು ಯಾವುದೇ ಆಗಿರಲಿ, ಈ ವ್ಯತ್ಯಾಸ ಒಂದೇ ಬಗೆಯದು. ಆದುದರಿಂದ ಒಂದು ಆವರ್ತಕ್ಕೆ ಎರಡು ಸಲ, ಎಂದರೆ ಸೆಕೆಂಡಿಗೆ 100 ಸಲ ಆ ತಿರುಳು ಕಂಪಿಸುತ್ತದೆ. ಜೊತೆಗೆ 200, 300, 400, 500 ಕಂಪನಗಳ ಉಪಸ್ವರಗಳೂ ಬೆರೆತಿರುತ್ತವೆ. 100ನ್ನು ಷಡ್ಜವೆಂದು ಇಟ್ಟುಕೊಂಡರೆ 300 ಪಂಚಮವಾಯಿತು, 500 ಅಂತರ ಗಾಂಧಾರವಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಕೂಡಿಕೊಂಡಿತು. ಅಂದಿನಿಂದ ಹರಿಹರದ ಟ್ರಾನ್ಸ್‌ಫಾರ್ಮರೂ ಕಾಶ್ಮೀರದ ಟ್ರಾನ್ಸ್‌ಫಾರ್ಮರೂ ಒಂದೇ ಶ್ರುತಿಯಲ್ಲಿ ಹಾಡುತ್ತಿವೆ!

ಷಡ್ಜ, ಪಂಚಮ, ಗಾಂಧಾರ ಮೂರೂ ಇದ್ದರೂ ಈ ಶ್ರುತಿಗೆ ಯಾರೂ ಹಾಡುವುದಿಲ್ಲ. ಐದು ನಿಮಿಷ ಕೇಳಿದರೆ ತಲೆನೋಯುತ್ತದೆ. ತಂಬೂರಿಯ ಶ್ರುತಿಯಲ್ಲಿಯೂ ಇರುವುದು ಹೆಚ್ಚು ಕಡಿಮೆ ಇವೇ ಉಪಸ್ವರಗಳು. ಅದನ್ನಾದರೋ ಗಂಟೆಗಟ್ಟಲೆ ಕೇಳಬಹುದು. ಈ ಭೇದಕ್ಕೆ ಕಾರಣವೇನು? ಎಲೆಕ್ಟ್ರಾನಿಕ್ ಸಂಗೀತ ನಮ್ಮ ನಾಡಿನ ಮನೆಗಳನ್ನು ಹೊಕ್ಕ ಕಥೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯೇ ಆಗಿದೆ.

ಮೊದಲು ಅದರ ಮೂಲವನ್ನು ನೋಡೋಣ. 1920ರ ಸುಮಾರಿಗೆ ರಷ್ಯದ ಭೌತವಿಜ್ಞಾನಿ ಲೆವ್ ಥೆರಮಿನ್ ಎಂಬಾತನು ಮುಟ್ಟದೆಯೇ ನುಡಿಸಬಹುದಾದ ವಾದ್ಯವೊಂದನ್ನು ರಚಿಸಿದನು. ಅದರ ತತ್ತ್ವ ಬಹು ಸರಳ. ಎರಡು ತಂತಿಗಳು ಹೆಚ್ಚು ಕಡಿಮೆ ಒಂದೇ ಸ್ವರದಲ್ಲಿದ್ದು ತುಸುವೇ ಭಿನ್ನವಾಗಿದ್ದರೆ ಧ್ವನಿ ಏರುತ್ತ ಇಳಿಯುತ್ತ ತೂಗುವುದನ್ನು ನೀವು ಕೇಳಿರಬಹುದು. ಇದಕ್ಕೆ ವಿಸ್ಪಂದವೆಂದು ಹೆಸರು. ಎರಡರ ಕಂಪನಸಂಖ್ಯೆಗಳ ಅಂತರ ಎಷ್ಟೋ, ಸೆಕೆಂಡಿಗೆ ಅಷ್ಟು ವಿಸ್ಪಂದಗಳು. ಥೆರಮಿನ್ ಕಿವಿಗೆ ಕೇಳಿಸದಷ್ಟು ಉಚ್ಚವಾದ ಎರಡು ವಿದ್ಯುದಾಂದೋಲನಗಳನ್ನು ತೆಗೆದುಕೊಂಡನು. ಉದಾಹರಣೆಗೆ ಒಂದು 3,00,000, ಇನ್ನೊಂದು 3,00,240 ಎಂದಿಟ್ಟುಕೊಳ್ಳಿ. ಇವನ್ನು ತಕ್ಕ ಮಂಡಲದಲ್ಲಿ ಬೆರೆಸಿದರೆ ಅಂತರವಾದ 240 ಕಂಪನಗಳ ಸ್ವರ ಹೊರಬೀಳುತ್ತದೆ. ವಾದ್ಯದ ಸಲಾಕೆಯ ಬಳಿಗೆ ಕೈ ತಂದರೆ ಮಂಡಲದ ವಿದ್ಯುದ್ಧಾರಕತೆ ಬದಲಾಗಿ ಒಂದು ಆಂದೋಲನ ಕದಲುತ್ತದೆ; ಸ್ವರವೂ ಕದಲುತ್ತದೆ. ಮೆಟ್ಟಿಲಿಲ್ಲದ ಈ ವಾದ್ಯದಲ್ಲಿ ಗಮಕ ನುಡಿಸುವುದು ಸುಲಭ, ಶುದ್ಧಸ್ವರ ನಿಲ್ಲಿಸುವುದು ಕಷ್ಟ. ನಮ್ಮವರು ಅದನ್ನು ಕೈಗೆತ್ತಿಕೊಂಡಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಅನೇಕ ಸಲ ಅನ್ನಿಸಿದೆ.

1948ರಲ್ಲಿ ಪ್ಯಾರಿಸಿನ ಪಿಯರ್ ಷೆಫರ್ ರೈಲಿನ ಶಬ್ದಗಳನ್ನು ಮುದ್ರಿಸಿಕೊಂಡು, ಕತ್ತರಿಸಿ ಜೋಡಿಸಿದಂತೆ ಒಂದು ಕೃತಿಯನ್ನೇ ಮಾಡಿದನು. ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ಹರಿಹರದಲ್ಲಿ ತುಂಗಭದ್ರೆಯ ಸೇತುವೆಯನ್ನೇರಿದಾಗ ಗಾಲಿಗಳ ಸದ್ದಿನ ಬಣ್ಣ ಒಮ್ಮೆಲೇ ಬದಲಾಗುವುದನ್ನು ಗಮನಿಸಿದವರಿಗೆ ಷೆಫರನ ಉದ್ದೇಶವೇನೆಂದು ಬೇರೆ ಹೇಳಬೇಕಾಗಿಲ್ಲ. ಜರ್ಮನಿಯ ಕೊಲೋನ್ ಬಾನುಲಿಯ ಸಂಗೀತಗಾರರದು ಇದಕ್ಕೆ ವಿರುದ್ಧವಾದ ದಾರಿ. ಅವರು ಉಪಸ್ವರಗಳೇ ಇಲ್ಲದ ಕೇವಲ ಸರಳ ತರಂಗಗಳಿಂದ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವಂತೆ, ನಾದವನ್ನು ಕಟ್ಟಿದರು. ಸ್ಟಾಕ್‌ಹೌಸೆನ್ನನ 1954ರ ‘ಸ್ಟೂಡಿ 2’ ಹೀಗೆ ಹುಟ್ಟಿದುದು. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಗಣಕಯಂತ್ರದಿಂದ 17 ಸೆಕೆಂಡುಗಳ ಸಂಗೀತವನ್ನು ಹೊರಡಿಸಿದನು. 1964ರಲ್ಲಿ ರಾಬರ್ಟ್ ಮೂಗ್ ತನ್ನ ಸಿಂಥಸೈಜರನ್ನು ರೂಪಿಸಿದ ಮೇಲೆ ಈ ವಿದ್ಯೆ ಪ್ರಯೋಗಶಾಲೆಯಿಂದ ಹೊರಬಂದು ಸಂಗೀತಗಾರನ ಕೈಗೆ ಸಿಕ್ಕಿತು.

ಇವರೆಲ್ಲರೂ ಎದುರಿಸಿದ ತೊಡಕು ಒಂದೇ: ವಿದ್ಯುತ್ತಿನ ಸ್ವರ ನಿಂತಲ್ಲಿಯೇ ನಿಲ್ಲುತ್ತದೆ. ಈ ತೊಡಕಿನ ಸ್ವರೂಪ ನಮ್ಮ ತಂಬೂರಿಯನ್ನು ಪರೀಕ್ಷಿಸಿದರೆ ತಿಳಿಯುತ್ತದೆ. ಹಾಗೆ ಪರೀಕ್ಷಿಸಿದವರಲ್ಲಿ ಪ್ರಮುಖರು ಸಿ.ವಿ. ರಾಮನ್. ಅವರು ಬೆಂಗಳೂರಿಗೆ ಬರುವ ಮುನ್ನ, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಭಾರತೀಯ ತಂತಿವಾದ್ಯಗಳನ್ನು ಕುರಿತು ಒಂದು ಪುಟ್ಟ ಪ್ರಬಂಧವನ್ನು ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಯಂಗ್ ಎಂಬಾತನ ನಿಯಮ. ಸರಿಯಾಗಿ ನಡುವೆ ಮೀಟಿದರೆ 2ನೆಯ, 4ನೆಯ, 6ನೆಯ ಉಪಸ್ವರಗಳು ಇರಕೂಡದು. ಸಾಮಾನ್ಯ ವಾದ್ಯಗಳಲ್ಲಿ ಇದು ಸರಿಯೇ. ತಂಬೂರಿ, ವೀಣೆಗಳಲ್ಲಿ ಮಾತ್ರ ಇರಕೂಡದ ಉಪಸ್ವರಗಳು ಸ್ಪಷ್ಟವಾಗಿ ಕೇಳಿಸುತ್ತವೆಂದು ರಾಮನ್ ತೋರಿಸಿದರು. ಕಾರಣ ಕುದುರೆಯ ಆಕಾರದಲ್ಲಿದೆ. ತಂಬೂರಿಯ ಕುದುರೆ ಚೂಪಾದ ಅಂಚಲ್ಲ, ಅಗಲವಾಗಿ ಬಾಗಿದ ಮೈ. ಕಂಪಿಸುವ ತಂತಿ ಆ ಮೈಯನ್ನು ಮತ್ತೆ ಮತ್ತೆ ಸವರುತ್ತದೆ. ನಡುವೆ ಸೇರಿಸಿದ ಜೀವಾಳದ ನೂಲು ಆ ಸವರುವಿಕೆಯನ್ನು ಹದಗೊಳಿಸುತ್ತದೆ. ಮೀಟಿದ ಕ್ಷಣದಲ್ಲಿ ಮೂಲಸ್ವರದಲ್ಲಿದ್ದ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಮೇಲಿನ ಉಪಸ್ವರಗಳಿಗೆ ಹಂಚಿಹೋಗುತ್ತದೆ. ಅವು ಒಂದಾದ ಮೇಲೊಂದು ಅರಳಿ ಆರುತ್ತವೆ. ಟ್ರಾನ್ಸ್‌ಫಾರ್ಮರಿನಲ್ಲಿ ಇಲ್ಲದಿರುವುದು ಈ ಅರಳುವಿಕೆ. ಕಿವಿ ಬಯಸುವುದು ಸ್ವರವನ್ನಷ್ಟೇ ಅಲ್ಲ, ಸ್ವರದೊಳಗಿನ ಚಲನೆಯನ್ನು.

ಈಗ ಬೆಂಗಳೂರಿಗೆ ಬರೋಣ. ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಯಂತ್ರವನ್ನು ಸಿದ್ಧಪಡಿಸಿ, ಅದೇ ಡಿಸೆಂಬರಿನಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಅವರ ಸಂಸ್ಥೆಯಾದ ರಾಡೆಲ್‌ನ ಪೆಟ್ಟಿಗೆಗಳು ಅನಂತರ ದೇಶದ ಮೂಲೆಮೂಲೆಗೂ ಹೋದುವು. ದಾವಣಗೆರೆಯ ಸಂಗೀತದ ಹುಡುಗಿಯೊಬ್ಬಳು ಹರಿಹರದಲ್ಲಿ ಕಚೇರಿಯಿದ್ದರೆ ಆಳೆತ್ತರದ ತಂಬೂರಿಯನ್ನು ಬಸ್ಸಿನಲ್ಲಿ ಹೊತ್ತು ಹೋಗುವುದಾದರೂ ಹೇಗೆ? ಕೈಚೀಲದಲ್ಲಿ ಹಿಡಿಸುವ ಪೆಟ್ಟಿಗೆ ಅವಳಿಗೆ ನಿಜವಾದ ಉಪಕಾರ. ಇದನ್ನು ಹಳಿಯುವ ರಸಿಕರ ಮಾತು ನನಗೆ ಒಪ್ಪಿಗೆಯಿಲ್ಲ.

ಇಂಥ ಪೆಟ್ಟಿಗೆ ಕೆಲಸಮಾಡುವ ಬಗೆಯನ್ನು ಸ್ಥೂಲವಾಗಿ ಹೇಳಬಹುದು. ಉಪಸ್ವರಗಳಿಂದ ಕೂಡಿದ ತರಂಗವನ್ನು ಆಂದೋಲಕವೊಂದು ಕೊಡುತ್ತದೆ. ಧಾರಕವೊಂದರಲ್ಲಿ ತುಂಬಿದ ವಿದ್ಯುತ್ತು ಬರಿದಾಗುತ್ತ ಹೋದಂತೆ ಆ ಧ್ವನಿಯೂ ಕುಗ್ಗುತ್ತದೆ. ಇದು ಮೀಟಿದ ತಂತಿಯ ಅನುಕರಣೆ. ಆದರೆ ಇಲ್ಲಿ ಎಲ್ಲ ಉಪಸ್ವರಗಳೂ ಒಟ್ಟಿಗೆ ಹುಟ್ಟಿ ಒಟ್ಟಿಗೆ ಕುಗ್ಗುತ್ತವೆ. ಅಗ್ಗದ ಹಳೆಯ ಪೆಟ್ಟಿಗೆಗಳ ನಾದ ಸಪ್ಪೆಯಾಗಿರುವುದು ಇದರಿಂದಲೇ. ಮುಂದೆ ಬಂದ ಯಂತ್ರಗಳು ಬೇರೆ ಉಪಾಯ ಹೂಡಿದುವು. ನಿಜವಾದ ತಂಬೂರಿಯ ಧ್ವನಿಯನ್ನೇ ಸೆಕೆಂಡಿಗೆ ಸಾವಿರಾರು ಸಲ ಅಳೆದು (ಸಿ.ಡಿ. ತಟ್ಟೆಯಲ್ಲಿ ಈ ಸಂಖ್ಯೆ 44,100) ಅಂಕಿಗಳಾಗಿ ನೆನಪಿನಲ್ಲಿಟ್ಟು ಮತ್ತೆ ಧ್ವನಿಯಾಗಿಸುವುದು ಆ ಉಪಾಯ. ಅರಳುವಿಕೆ ಉಳಿಯಿತು. ಇಲ್ಲಿಯೂ ಒಂದು ಸೂಕ್ಷ್ಮವಿದೆ: ಶ್ರುತಿಯನ್ನು ಏರಿಸಲು ಅಂಕಿಗಳನ್ನು ಬೇಗಬೇಗನೆ ಓದಿಸಿದರೆ ಅರಳುವ ವೇಗವೂ ಏರಿ ನಾದ ಅವಸರಪಡುತ್ತದೆ. ಇಂದಿನ ಮೊಬೈಲ್ ತಂಬೂರಿಗಳಲ್ಲಿ ಒಳ್ಳೆಯದಾವುದು, ಸಾಧಾರಣವಾದುದು ಯಾವುದು ಎಂದು ಪರೀಕ್ಷಿಸಲು ಶ್ರುತಿಯನ್ನು ಮೂರು ನಾಲ್ಕು ಮನೆ ಮೇಲಕ್ಕೆ ಒಯ್ದು ಕೇಳಿರಿ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಕೀಬೋರ್ಡಿನದು. ಅದರಲ್ಲಿ ಅಷ್ಟಮಾನವನ್ನು 12 ಸಮಭಾಗಗಳಾಗಿ ಮಾಡಿರುತ್ತಾರೆ. ಷಡ್ಜ 240 ಕಂಪನಗಳಾದರೆ ಶುದ್ಧವಾದ ಅಂತರ ಗಾಂಧಾರ ಅದರ 5/4 ಪಾಲು, ಎಂದರೆ 300. ಕೀಬೋರ್ಡಿನ ಗಾಂಧಾರ ಸುಮಾರು 302.4. ತಂಬೂರಿಯ ಮಂದ್ರ ಷಡ್ಜ 120. ಅದರ 5ನೆಯ ಉಪಸ್ವರ 600. ಕೀಬೋರ್ಡಿನ ಗಾಂಧಾರದ 2ನೆಯ ಉಪಸ್ವರ 604.8. ಎರಡೂ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಸುಮಾರು 5 ವಿಸ್ಪಂದಗಳು ಏಳುತ್ತವೆ, ನಾದ ಕದಡುತ್ತದೆ. ಪಂಚಮದಲ್ಲಾದರೋ ದೋಷ ಬಹಳ ಕಡಿಮೆ: 360ರ ಬದಲು 359.6. ಆಕಾಶವಾಣಿ 1940ರಿಂದ 1971ರ ವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಿದ್ದುದಕ್ಕೆ ಇಂಥ ನಿಂತ ಸ್ವರಗಳ ಮೇಲಿನ ಆಕ್ಷೇಪವೂ ಒಂದು ಕಾರಣ. ಕೀಬೋರ್ಡಿಗೆ ಧ್ವನಿ ಸೇರಿಸಿಯೇ ಬೆಳೆದ ವಿದ್ಯಾರ್ಥಿಗೆ 302.4 ಸರಿಯೆಂದು ತೋರಲಾರಂಭಿಸುತ್ತದೆ. ಹಿಂದೆ ಶಿಷ್ಯನು ತಂಬೂರಿಯನ್ನು ಶ್ರುತಿಮಾಡುವಾಗ ವಿಸ್ಪಂದಗಳು ನಿಧಾನವಾಗಿ ನಿಧಾನವಾಗಿ ಮಾಯವಾಗುವುದನ್ನು ಕೇಳುತ್ತ ಕಿವಿಯನ್ನು ತಿದ್ದಿಕೊಳ್ಳುತ್ತಿದ್ದನು. ಯಂತ್ರ ಆ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಅನೇಕ ಪೆಟ್ಟಿಗೆಗಳಲ್ಲಿ ಪಂಚಮವನ್ನು ಸೂಕ್ಷ್ಮವಾಗಿ ತಿರುಗಿಸುವ ಗುಂಡಿಯಿರುತ್ತದೆ. ದಿನವೂ ಅದನ್ನು ಬೇಕೆಂದೇ ಕೆಡಿಸಿ, ಮತ್ತೆ ಕಿವಿಯಿಂದಲೇ ಕೂಡಿಸಿರಿ. ಎರಡು ನಿಮಿಷ ಸಾಕು.

ಪ್ರಭಾವವೆಂಬುದು ಪಶ್ಚಿಮದಿಂದ ಪೂರ್ವಕ್ಕೆ ಮಾತ್ರ ಹರಿಯಿತೆಂದು ತಿಳಿಯಬಾರದು. ಹರಿಹರದಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದಲ್ಲಿ ಕುಂದಗೋಳ ಸಿಗುತ್ತದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಆ ಊರಿನವರು; ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಅವರ ಶಿಷ್ಯರು. ಒಂದೊಂದು ಸ್ವರವನ್ನೂ ತಂಬೂರಿಯ ನಾದದಲ್ಲಿ ಕರಗುವಂತೆ ನಿಲ್ಲಿಸುವುದು ಈ ಘರಾಣೆಯ ಲಕ್ಷಣ. ಇದೇ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯ ಪಂಡಿತ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ವಿದ್ಯುತ್ತಿನ ದೀರ್ಘಸ್ವರಗಳೊಡನೆ ಪ್ರಯೋಗ ನಡೆಸಿದ್ದ ಲಾ ಮಾಂಟ್ ಯಂಗ್ ಅವರ ಶಿಷ್ಯನಾಗಿ ತಂಬೂರಿ ನುಡಿಸಲು ಕಲಿತನು. ಟೆರಿ ರೈಲಿಯೂ ಶಿಷ್ಯನಾದನು. ಇಂದು ಜಗತ್ತಿನಲ್ಲಿ ಎಡೆಬಿಡದ ಒಂದೇ ಶ್ರುತಿಯ ಮೇಲೆ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತವೆಂಬ ದೊಡ್ಡ ಶಾಖೆಯಿದೆ. ಅದರ ಬೇರುಗಳಲ್ಲೊಂದು ತಂಬೂರಿಯಲ್ಲಿದೆ.

ಕೇಳಬೇಕೆನ್ನುವವರು ಎಲ್ಲಿಂದ ಆರಂಭಿಸಬೇಕು? ಸ್ಟಾಕ್‌ಹೌಸೆನ್ನನ ‘ಸ್ಟೂಡಿ 2’ ಮೊದಲ ಸಲ ಒಣಗಿದಂತೆ ತೋರೀತು. ಅದು ಮೂರೇ ನಿಮಿಷದ್ದು, ಎರಡು ಸಲ ಕೇಳಿರಿ. ಅವನದೇ 1956ರ ‘ಗೆಸಾಂಗ್ ಡೆರ್ ಯೂಂಗ್ಲಿಂಗೆ’ಯಲ್ಲಿ ಬಾಲಕನೊಬ್ಬನ ಕಂಠವನ್ನು ವಿದ್ಯುತ್ತಿನ ನಾದದೊಡನೆ ಬೆರೆಸಿದ್ದಾನೆ, ನನಗೆ ಇದೇ ಹೆಚ್ಚು ಪ್ರಿಯ. 1968ರ ‘ಸ್ವಿಚ್ಡ್ ಆನ್ ಬಾಖ್’ ಮೂಗ್ ಯಂತ್ರದ ಶಕ್ತಿಯನ್ನು ತಿಳಿಯಲು ಸುಲಭವಾದ ದಾರಿ. ನಮ್ಮ ದೇಶದ್ದೂ ಬೇಕಷ್ಟಿದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಮೂಗ್ ಯಂತ್ರದೊಡನೆ ಒಂದು ಸ್ಟುಡಿಯೋವನ್ನು ಅಣಿಗೊಳಿಸಿದನು. ಅಲ್ಲಿ 1972ರ ವರೆಗೆ ಮುದ್ರಿಸಿದ ಸುರುಳಿಗಳಲ್ಲಿ ಗೀತಾ ಸಾರಾಭಾಯಿ ಮೊದಲಾದವರ ಕೃತಿಗಳಿವೆ. ದಶಕಗಳ ಕಾಲ ಮೂಲೆಯಲ್ಲಿದ್ದ ಅವು ‘ದಿ ಎನ್‌ಐಡಿ ಟೇಪ್ಸ್’ ಎಂಬ ಹೆಸರಿನಿಂದ 2023ರಲ್ಲಿ ಹೊರಬಂದುವು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಮೂರು ರೋಲ್ಯಾಂಡ್ ಯಂತ್ರಗಳಿಂದ ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ತಾಳ ನೃತ್ಯಶಾಲೆಯದಾದರೂ ಸ್ವರದಿಂದ ಸ್ವರಕ್ಕೆ ಜಾರುವ ಯಂತ್ರದ ಸೌಕರ್ಯವನ್ನು ಅವರು ಬಳಸಿಕೊಂಡ ರೀತಿ ಗಮನಾರ್ಹ.

ಕೊನೆಯದಾಗಿ, 1982ರಲ್ಲಿ ಮುದ್ರಿತವಾಗಿ 1999ರಲ್ಲಿ ಬಿಡುಗಡೆಯಾದ ‘ದಿ ತಂಬುರಾಸ್ ಆಫ್ ಪಂಡಿತ್ ಪ್ರಾಣ್ ನಾಥ್’. ಅದರಲ್ಲಿ ಹಾಡಿಲ್ಲ, ತಾಳವಿಲ್ಲ. ಒಂದು ಗಂಟೆಗೂ ಹೆಚ್ಚು ಕಾಲ ತಂಬೂರಿಗಳು ಮಾತ್ರ. ಕಿವಿಗೆ ಒಳ್ಳೆಯ ಹೆಡ್‌ಫೋನ್ ಇಟ್ಟುಕೊಂಡು, ಮೊದಲ ಹತ್ತು ನಿಮಿಷ ಏನನ್ನೂ ಹುಡುಕದೆ ಸುಮ್ಮನೆ ಕೇಳಿರಿ. ಆಮೇಲೆ ತಂತಿಗಳ ಮೇಲ್ಭಾಗದಲ್ಲಿ ಸುಳಿದುಹೋಗುವ ಉಪಸ್ವರಗಳ ಕಡೆಗೆ ಗಮನವಿಟ್ಟರೆ, ಯಾರೂ ಮೀಟದ ಗಾಂಧಾರ ಕೇಳಿಸತೊಡಗುತ್ತದೆ.