ತೋಟದ ಹೋಂಸ್ಟೇಗೆ ಮೊದಲು ನೀರಿನ ಲೆಕ್ಕ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಕಾಫಿ, ಮೆಣಸು ಬೆಳೆಯುವ ಅನೇಕ ರೈತರು ಈಗ ತೋಟದಲ್ಲಿಯೇ ಹೋಂಸ್ಟೇ ನಡೆಸುತ್ತಿದ್ದಾರೆ. ಬೆಳೆಯ ಬೆಲೆ ಏರಿಳಿಯುವಾಗ ಇದು ಆಸರೆಯಾಗುವ ಉಪಕಸುಬು. ಆದರೆ ಅತಿಥಿಗಳು ಬರುವುದು ತೋಟದ ನೆರಳು, ಹಕ್ಕಿಗಳ ದನಿ, ತಿಳಿನೀರಿನ ತೊರೆಗಳಿಗಾಗಿ. ಇವು ಕೆಟ್ಟರೆ ಉಪಕಸುಬೂ ಇಲ್ಲ, ತೋಟವೂ ಇಲ್ಲ. ಆದ್ದರಿಂದ ಕೋಣೆಗಳನ್ನು ಕಟ್ಟಿಸುವ ಮೊದಲೇ ರೈತರು ನೀರಿನ ಲೆಕ್ಕ ಹಾಕುವುದು ಒಳ್ಳೆಯದು.

ಒಂದೇ ನೀರು, ಇಬ್ಬರ ಪಾಲು

ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ಕಾಫಿಗೆ ತುಂತುರು ನೀರಾವರಿ ಕೊಡಬೇಕಾಗುತ್ತದೆ. ಅದರ ಬೆನ್ನಿಗೇ ಬೇಸಿಗೆ ರಜೆಯ ಅತಿಥಿಗಳು ಬರುತ್ತಾರೆ. ಬಾವಿ, ಕೆರೆಗಳು ತಳ ಕಾಣುವ ಕಾಲವೂ ಅದೇ. ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಲು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಬೇಕು. ಅತಿಥಿಯೊಬ್ಬರಿಗೆ ಸ್ನಾನ, ಶೌಚ, ಅಡುಗೆ, ಬಟ್ಟೆ ಒಗೆತ ಎಲ್ಲ ಸೇರಿ ದಿನಕ್ಕೆ 150 ಲೀಟರ್ ಎಂದು ಹಿಡಿದರೆ, ಹತ್ತು ಜನರಿಗೆ ಎರಡು ತಿಂಗಳಲ್ಲಿ 90,000 ಲೀಟರ್ ಆಗುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಎಕರೆಯ ಹೂವಿನ ನೀರು.

ಬಾವಿಯನ್ನು ಅಳೆಯುವ ಕ್ರಮ

ಏಪ್ರಿಲ್ ತಿಂಗಳಲ್ಲಿ, ಕೆಲವು ದಿನ ಮಳೆ ಬೀಳದಿರುವಾಗ, ಸಂಜೆ ಪಂಪು ನಿಲ್ಲಿಸಿದ ಕೂಡಲೇ ನೀರಿನ ಮಟ್ಟ ಗುರುತಿಸಿಕೊಳ್ಳಿ. ಬೆಳಿಗ್ಗೆ ಪಂಪು ಹಾಕುವ ಮೊದಲು ಮತ್ತೆ ಅಳೆಯಿರಿ. ಬಾವಿಯ ವ್ಯಾಸ 3 ಮೀಟರ್ ಇದ್ದು, ರಾತ್ರಿ ನೀರು 60 ಸೆಂಟಿಮೀಟರ್ ಏರಿದ್ದರೆ ಸುಮಾರು 4,200 ಲೀಟರ್ ಊರಿದೆ ಎಂದಾಯಿತು. ಅದನ್ನು ಹೀಗೆ ಹಂಚಬಹುದು:

1. ಐದು ಜನರ ಮನೆಗೆ: 500 ಲೀಟರ್
2. ನಾಲ್ಕು ದನಗಳಿಗೆ: 250 ಲೀಟರ್
3. ಸಸಿಮಡಿ, ಕೈತೋಟಕ್ಕೆ: 1,000 ಲೀಟರ್
4. ಕಾಲುಭಾಗ ಮೀಸಲು: 1,050 ಲೀಟರ್

ಉಳಿದದ್ದು 1,400 ಲೀಟರ್. ಇದು ಒಂಬತ್ತು ಅತಿಥಿಗಳಿಗೆ ಸಾಕು. ಹದಿನೈದು ಜನರಿಗೆ ಕೋಣೆ ಕಟ್ಟಿಸಿದರೆ ಟ್ಯಾಂಕರ್ ನೀರೇ ಗತಿ. ಆ ನೀರೂ ಇನ್ನೊಬ್ಬರ ಬಾವಿಯದೇ ಎಂಬುದನ್ನು ಮರೆಯಬಾರದು. 8 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ಆಳದ ಈಜುಕೊಳವೊಂದು ತುಂಬಲು 38,400 ಲೀಟರ್ ಬೇಕು. ಇದು ಆ ಒಂಬತ್ತು ಜನರ ನಾಲ್ಕು ವಾರಗಳ ನೀರು.

ಮಳೆನೀರು ಮತ್ತು ಬಳಸಿದ ನೀರು

ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ನಂತರದ್ದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಕೂಡಿಡಬೇಕು. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಬಾರದು. ಕೋಣೆಗಾಗಿ ಗುಡ್ಡವನ್ನು ನೇರವಾಗಿ ಕಡಿಯಲೂಬಾರದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಚ್ಚಲ ನೀರನ್ನು ಜಲ್ಲಿ, ಮರಳು ತುಂಬಿ ಕಾಬಾಳೆ ನೆಟ್ಟ ಗುಂಡಿಯ ಮೂಲಕ ಹಾಯಿಸಿ ಬಾಳೆಗೆ ಬಿಡಬಹುದು. ಅಡುಗೆಮನೆಯ ನೀರಾದರೆ ಮೊದಲು ಜಿಡ್ಡು ತೇಲಿ ನಿಲ್ಲುವ ಸಣ್ಣ ತೊಟ್ಟಿಗೆ ಬರಲಿ. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಈ ನೀರು ಬೇಡ. ಶೌಚದ ನೀರನ್ನು ಇದರೊಂದಿಗೆ ಎಂದೂ ಸೇರಿಸಬಾರದು. ಸೆಪ್ಟಿಕ್ ಟ್ಯಾಂಕು ಮತ್ತು ಅದರ ಇಂಗುಗುಂಡಿ ಬಾವಿಗಿಂತ ತಗ್ಗಿನಲ್ಲಿ, ಕನಿಷ್ಠ 50 ಅಡಿ ದೂರದಲ್ಲಿರಲಿ. ಎರಡು ಮೂರು ವರ್ಷಗಳಿಗೊಮ್ಮೆ ಟ್ಯಾಂಕಿನ ಹೂಳು ತೆಗೆಸಬೇಕು. ಅದನ್ನು ತೊರೆಗೆ ಸುರಿದರೆ ಕೆಳಗಿನ ಊರಿನವರು ಅದನ್ನೇ ಕುಡಿಯಬೇಕಾಗುತ್ತದೆ.

ಕಸ ಮತ್ತು ಉರುವಲು

ಅಡುಗೆಯ ಹಸಿ ಕಸ ಒಂದು ಬುಟ್ಟಿಗೆ ತರಗೆಲೆ ಎರಡು ಬುಟ್ಟಿಯಂತೆ ಪದರ ಪದರವಾಗಿ ಹಾಕಿ, ಸ್ವಲ್ಪ ಸಗಣಿ ಬಗ್ಗಡ ಚಿಮುಕಿಸಿ, ಆಗಾಗ ಮಗುಚಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ನೀರಿನ ಬಾಟಲಿಗಳ ಬದಲು ಕಾಯಿಸಿ ಆರಿಸಿದ ನೀರನ್ನು ಸ್ಟೀಲಿನ ಹೂಜಿಯಲ್ಲಿಡಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಬಾಳೆಎಲೆ, ಸ್ಟೀಲಿನ ಲೋಟ ಇರುವ ಮನೆಗೆ ಅವುಗಳ ಅಗತ್ಯವೂ ಇಲ್ಲ. ಪ್ಲಾಸ್ಟಿಕ್ಕನ್ನು ಒಲೆಗೆ ಹಾಕಿ ಸುಡಬಾರದು.

ಬಿಸಿಲಿರುವ ತಿಂಗಳುಗಳಲ್ಲಿ ಸ್ನಾನದ ನೀರಿಗೆ ಸೌರ ಹೀಟರ್ ಸಾಕು. ಮಳೆಗಾಲಕ್ಕೆ ಮರಗಸಿಯಲ್ಲಿ ಸಿಗುವ ಸೌದೆಯನ್ನು ಒಣಗಿಸಿಟ್ಟುಕೊಳ್ಳಬೇಕು. ಉರುವಲಿಗಾಗಿ ನೆರಳಿನ ಮರ ಕಡಿಯುವುದು ಬೇಡ. ಹಲಸು, ನೇರಳೆ, ಅತ್ತಿ, ಹೊನ್ನೆಯಂಥ ನಾಡಮರಗಳನ್ನು ಉಳಿಸಿದರೆ ಕಾಫಿಗೆ ನೆರಳೂ ಹಕ್ಕಿಗಳಿಗೆ ನೆಲೆಯೂ ಸಿಗುತ್ತವೆ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬಾವಿಯನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ನೀರು ಕಡಿಮೆಯಾದ ವರ್ಷ ಅತಿಥಿಗಳ ಸಂಖ್ಯೆಯನ್ನೂ ಕಡಿಮೆ ಮಾಡಿ. ಎಷ್ಟು ಕೋಣೆ ಬೇಕೆಂಬುದನ್ನು ಬೇಡಿಕೆಗಿಂತ ಮೊದಲು ಬಾವಿಯನ್ನು ಕೇಳುವುದು ಲೇಸು.