ಹೊಕುಸಾಯಿಯ ಮೋಡ ಎಲ್ಲಿ ಹೋಯಿತು?

ದೋಣಿಗಳ ಮೇಲೆ ಎರಗಲು ಪಂಜವೆತ್ತಿದ ಹೆದ್ದೆರೆ. ಅದರ ತಗ್ಗಿನಾಚೆ ಪುಟ್ಟದಾಗಿ ಕಾಣುವ ಫ್ಯೂಜಿ ಪರ್ವತ. ಜಪಾನಿನ ಹೊಕುಸಾಯಿ (೧೭೬೦–೧೮೪೯) ಸುಮಾರು ೧೮೩೧ರಲ್ಲಿ ರಚಿಸಿದ ಈ ಚಿತ್ರವನ್ನು ನಮ್ಮಲ್ಲಿ ಅನೇಕರು ಗೋಡೆಯ ಮೇಲೆ ಕಂಡಿರುತ್ತೇವೆ. ೨೦೨೪ರಲ್ಲಿ ಹೊರಬಂದ ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿಯೂ ಅದುಂಟು. ಆದರೆ ಆ ಆಕಾಶದಲ್ಲಿ ಮೋಡಗಳಿದ್ದುದನ್ನು ಬಲ್ಲವರು ಕೆಲವರೇ. ಚೆನ್ನಾಗಿ ಉಳಿದ ಕೆಲವು ಪ್ರತಿಗಳಲ್ಲಿ ನಸುಗೆಂಪು ಛಾಯೆ ಅವುಗಳ ಆಕಾರವನ್ನು ಇನ್ನೂ ತೋರಿಸುತ್ತದೆ. ಮಿಕ್ಕವುಗಳಲ್ಲಿ ಕೆಂಪು ಮಾಸಿ, ಮೋಡವೂ ಅದರೊಡನೆ ಮರೆಯಾಗಿದೆ.

ಇದಕ್ಕೆ ಕಾರಣವನ್ನು ತಿಳಿಯಲು ಚಿತ್ರ ಸಿದ್ಧವಾಗುತ್ತಿದ್ದ ಬಗೆಯನ್ನು ನೋಡಬೇಕು. ಕಲಾವಿದನು ತೆಳುಕಾಗದದಲ್ಲಿ ರೇಖೆಗಳನ್ನು ಬರೆದುಕೊಡುವನು. ಕೆತ್ತನೆಗಾರನು ಅದನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ರೇಖೆಗಳನ್ನುಳಿಸಿ ಮಿಕ್ಕ ಭಾಗವನ್ನು ಕೆತ್ತಿ ತೆಗೆಯುವನು. ಬಣ್ಣಬಣ್ಣಕ್ಕೂ ಬೇರೆ ಅಚ್ಚು. ಬಣ್ಣಗಳು ಒಂದರ ಮೇಲೊಂದು ಜಾರದಂತೆ ಪ್ರತಿಯೊಂದು ಹಲಗೆಯಲ್ಲೂ ಎರಡು ಗುರುತುಗಳಿರುತ್ತವೆ. ಕಾಗದದ ಮೂಲೆ ಒಂದಕ್ಕೆ, ಅಂಚು ಇನ್ನೊಂದಕ್ಕೆ ತಾಗಬೇಕು. ಮುದ್ರಕನು ಹಲಗೆಗೆ ಬಣ್ಣವನ್ನೂ ಅಕ್ಕಿಯ ಅಂಟನ್ನೂ ಬಳಿದು, ತೇವದ ಕಾಗದವನ್ನಿಟ್ಟು, ಬಾರೆನ್ ಎಂಬ ಚಪ್ಪಟೆ ಬಿಲ್ಲೆಯಿಂದ ಉಜ್ಜುವನು. ನಮ್ಮ ಹಿಪ್ಪುನೇರಳೆಯ ಬಂಧುವೆನ್ನಬಹುದಾದ ಗಿಡದ ನೀಳವಾದ ನಾರಿನಿಂದ ಮಾಡಿದ ಕಾಗದವಾದುದರಿಂದಲೇ ಅದು ಇಷ್ಟೆಲ್ಲ ಉಜ್ಜುವಿಕೆಯನ್ನು ತಾಳಿಕೊಳ್ಳುತ್ತದೆ.

ಇನ್ನು ಬಣ್ಣಗಳ ವಿಷಯ. ಅಂದಿನ ಕೆಂಪುಗಳಲ್ಲಿ ಒಂದನ್ನು ಕುಸುಬೆಯ ಹೂವಿನಿಂದ ತೆಗೆಯುತ್ತಿದ್ದರು. ಹಳೆಯ ನೀಲಿಗಳಲ್ಲಿ ಒಂದು ಕೂಡ ಹೂವಿನ ರಸವೇ. ಸಸ್ಯಜನ್ಯ ವರ್ಣದ ಅಣು ಬೆಳಕನ್ನು ಹೀರಿದಾಗ ದೊರೆಯುವ ಶಕ್ತಿಯಿಂದ ಗಾಳಿಯ ಆಮ್ಲಜನಕದೊಡನೆ ಕೂಡಿ ಒಡೆಯಬಲ್ಲದು. ಒಡೆದ ಅಣುವಿಗೆ ಬಣ್ಣವಿಲ್ಲ. ಹೊಕುಸಾಯಿಯ ಅಲೆಗಳಲ್ಲಿರುವ ಪ್ರಷ್ಯನ್ ನೀಲಿಯಾದರೋ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ದೊರೆತ, ಕಬ್ಬಿಣದ ಸಂಯುಕ್ತ. ಅದು ಹೂವಿನ ಬಣ್ಣಗಳಿಗಿಂತ ಬಹಳ ಗಟ್ಟಿ. ಅಲೆ ಉಳಿದು ಮೋಡ ಅಳಿದುದು ಹೀಗೆ.

ಬೆಳಕಿನ ಹಾನಿ ಕೂಡುತ್ತಲೇ ಹೋಗುತ್ತದೆ. ಮತ್ತೆ ಕತ್ತಲಲ್ಲಿಟ್ಟರೆ ಹೋದ ಕೆಂಪು ಮರಳಿ ಬಾರದು. ಇಂತಹ ಚಿತ್ರಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ೫೦ ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ. ನಡುಹಗಲಿನ ನೇರ ಬಿಸಿಲು ಸುಮಾರು ೧,೦೦,೦೦೦ ಲಕ್ಸ್. ಅಂದರೆ ಒಂದು ಗಂಟೆಯ ಬಿಸಿಲು ಹೆಚ್ಚುಕಡಮೆ ೨,೦೦೦ ಗಂಟೆಗಳ ಪ್ರದರ್ಶನಕ್ಕೆ ಸಮ; ದಿನಕ್ಕೆ ಎಂಟು ಗಂಟೆಯಂತೆ ೨೫೦ ದಿನಗಳು! ಚೌಕಟ್ಟಿನ ಗಾಜು ಅತಿನೇರಳೆ ಕಿರಣಗಳನ್ನು ಕೊಂಚ ತಡೆದರೂ, ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಕೆಡಿಸುವುದರಿಂದ ಅದನ್ನೇ ನಂಬುವಂತಿಲ್ಲ.

ಹಿಂದಿನ ಜಪಾನಿನಲ್ಲಿ ಈ ಅಗ್ಗದ ಹಾಳೆಗಳನ್ನು ಚೌಕಟ್ಟು ಹಾಕಿ ತೂಗುವ ರೂಢಿಯಿರಲಿಲ್ಲ. ಕಂಬಕ್ಕೆಂದೇ ಮಾಡಿದ ನೀಳಚಿತ್ರಗಳಿದ್ದುವು, ನಿಜ; ಮಿಕ್ಕವನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ನೋಡಿ ಮಡಿಕೆ ಪುಸ್ತಕಗಳಲ್ಲಿ ಮುಚ್ಚಿಡುತ್ತಿದ್ದರು. ಗೋಡೆಗೇರಿಸಿದವರಲ್ಲಿ ಫ್ರಾನ್ಸಿನ ಚಿತ್ರಕಾರ ಮೊನೆ ಪ್ರಸಿದ್ಧ.

ನಮ್ಮ ಮನೆಗಳಿಗೆ ಯಂತ್ರಮುದ್ರಿತ ಪ್ರತಿಯೇ ಸಾಕು. ಮೂಲಪ್ರತಿಯ ಚಿಂತೆ ಹಣವಂತರಿಗಿರಲಿ. ಆದರೂ ಅಂಗಡಿಯಾತನು ‘ಕೈಯಚ್ಚು’ ಎಂದು ಹೆಚ್ಚಿನ ಬೆಲೆ ಕೇಳಿದರೆ ಭೂತಗನ್ನಡಿ ಹಿಡಿಯೋಣ. ಸಾಲುಸಾಲು ಚುಕ್ಕೆಗಳು ಕಂಡರೆ ಅದು ಯಂತ್ರದ ಕೆಲಸ. ಮರದಚ್ಚಿನದಾದರೆ ಬಣ್ಣ ಅಖಂಡವಾಗಿ ಹರಡಿರುತ್ತದೆ; ಹಾಳೆಯ ಬೆನ್ನ ಮೇಲೆ ನಾರಿಗಿಳಿದ ಬಣ್ಣವೂ, ಹಲವು ವೇಳೆ ಬಾರೆನ್ ಉಜ್ಜಿದ ಜಾಡೂ ಕಾಣುತ್ತವೆ. ಅಂತಹುದು ಸಿಕ್ಕಿತೆಂದರೆ ಕಿಟಕಿಯೆದುರಿನ ಗೋಡೆಯನ್ನು ಬೇರೊಂದಕ್ಕೆ ಬಿಟ್ಟುಕೊಡುವುದು ಲೇಸು.